ನಾನು ತಿದ್ದಿ ಕೆಡಿಸಿದ ಮಾರಿ

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಅಷ್ಟೇ ಕಲಿತವನು ಈ ವಯಸ್ಸಿನಲ್ಲಿ ನೋಟಬುಕ್ಕು ಹಿಡಿದು ಕೂತಿದ್ದಾನೆ ಅಂದರೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲಾ ಹೊಟ್ಟೆಯೊಳಗಿನ ಸಂತೋಷ ಹೊರಗೆ ಚೆಲ್ಲುತ್ತಿರಬೇಕು. ನನ್ನದು ಎರಡನೆಯದು. ನಾಲ್ಕು ದಿನ ಮೂಡಲಗಿಯ ನಮ್ಮ ಓಣಿ ತುಂಬ ಹೇಳಿಕೊಂಡು ತಿರುಗಿದೆ. ಕಿರಾಣಿ ಅಂಗಡಿಯವನು ಕೈ ಮುಗಿದ. "ಫೋಟೋ ಕಾಕಾ, ಇದನ್ನ ನಿನ್ನೇನೂ ಹೇಳಿರಿ, ಮೊನ್ನೇನೂ ಹೇಳಿರಿ. ಸಕ್ಕರಿ ಬೇಕಾದ್ರ ಹೇಳ್ರಿ, ಕಟ್ಟತೇನಿ" ಅಂದ. ಕಾಗದ ಹಾಗೆ ಅನ್ನುವುದಿಲ್ಲ. ಅದಕ್ಕೆ ಕಾಗದಕ್ಕೆ ಹೇಳುತ್ತಿದ್ದೇನೆ.

ಫೋಟೋ ತೆಗೆಯುವುದು ನನ್ನ ಕಸುಬಾಗಿತ್ತು. ಈಗ ಅಂಗಡಿ ತಮ್ಮನ ಮಗನ ಕೈಯಲ್ಲಿದೆ. ಹೊಸದಾಗಿ ಸ್ಟುಡಿಯೋ ಹಾಕುವ ಹುಡುಗರು, ಹುಡುಗಿಯರು ಇದನ್ನು ಓದಲಿ ಅಂತ ನನ್ನ ಆಸೆ. ಕ್ಯಾಮರಾ ಹಿಡಿಯುವುದು ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ. ಮಂದಿಯ ಮಾರಿ, ಅಂದರೆ ಮುಖ, ನೋಡುವುದು ಹೇಗೆ ಅಂತ ಮಾತ್ರ ನಾನು ಒಂದಿಷ್ಟು ಹೇಳಬಲ್ಲೆ. ಅದನ್ನೂ ನಾನು ಕಲಿತದ್ದು ತಡವಾಗಿಯೇ, ಅಂಗಡಿ ಬಿಟ್ಟ ಮೇಲೆ.

ನನಗೆ ಕೆಲಸ ಕಲಿಸಿದವರು ಗೋಕಾಕದ ಒಬ್ಬ ಮಾಲಕರು. ಜೈನರು, ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಆಗೆಲ್ಲ ರೀಲಿನ ಕಾಲ. ಕತ್ತಲೆ ಕೋಣೆಯಲ್ಲಿ ನೆಗೆಟಿವ್ ತೊಳೆದು, ಒಣಗಿಸಿ, ಅದರ ಮೇಲೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮಾರಿ ತಿದ್ದಬೇಕು. ಮೈಲಿಬೇನೆಯ ಕುಳಿ, ಮಚ್ಚೆ, ಗಾಯದ ಗುರುತು, ಕಣ್ಣಿನ ಕೆಳಗಿನ ಕಪ್ಪು ಎಲ್ಲ ಹೋಗಬೇಕು. ಮಾಲಕರು ಹೇಳುತ್ತಿದ್ದರು: "ಗಿರಾಕಿ ತಾ ಹ್ಯಾಂಗ ಅದಾನ ಅಂತ ನೋಡಾಕ ಬರೂದಿಲ್ಲಪಾ. ಹ್ಯಾಂಗ ಇರಬೇಕಾಗಿತ್ತು ಅಂತ ನೋಡಾಕ ಬರ್ತಾನ." ನಾನು ಆ ಮಾತನ್ನು ದೇವರ ಮಾತು ಅಂದುಕೊಂಡೆ. ತಿದ್ದುವುದರಲ್ಲಿ ನನ್ನ ಕೈ ಭಾರಿ ಚಲೋ ಅಂತ ಸಂಕೇಶ್ವರದ ತನಕ ಹೆಸರಾಯಿತು.

ಧುಪದಾಳದಿಂದ ಒಬ್ಬ ಮುದುಕಿ ತನ್ನ ಗಂಡನ ಸಣ್ಣ ಫೋಟೋ ತಂದಿದ್ದಳು. ಗಂಡ ತೀರಿಕೊಂಡಿದ್ದ. ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡಬೇಕಿತ್ತು. ಅವನ ಮಾರಿ ತುಂಬ ಮೈಲಿಯ ಕುಳಿ. ನಾನು ಎರಡು ದಿನ ಕೂತು ಒಂದು ಕುಳಿಯೂ ಉಳಿಯದಂತೆ ನಯ ಮಾಡಿದೆ. ಮುದುಕಿ ಫೋಟೋ ಹಿಡಿದು ಬೆಳಕಿಗೆ ಬಂದು ಬಹಳ ಹೊತ್ತು ನೋಡಿದಳು. "ಚಂದ ಮಾಡೀಯಪಾ. ಖರೆ ಇವರು ಯಾರೋ ಬ್ಯಾರೆದವರು" ಅಂದಳು. ಮಾಲಕರು ಒಳಗೆ ಬಂದು, "ಮುದುಕಿಗೆ ಕಣ್ಣು ಕಾಣೂದಿಲ್ಲ, ನೀ ಮನಸಿಗೆ ಹಚ್ಕೋಬ್ಯಾಡ" ಅಂದರು. ನಾನೂ ಹಚ್ಚಿಕೊಳ್ಳಲಿಲ್ಲ. ಆ ಮುದುಕಿಯ ಕಣ್ಣು ಎಷ್ಟು ಚುರುಕಿದ್ದವು ಅಂತ ತಿಳಿಯಲಿಕ್ಕೆ ನನಗೆ ನನ್ನ ಮೊಮ್ಮಗಳೇ ಬೇಕಾಯಿತು.

ಮೂಡಲಗಿಯಲ್ಲಿ ಸ್ವಂತ ಅಂಗಡಿ ಇಟ್ಟ ಮೇಲೆ ಅಂಗವಿಕಲರ ಕಾರ್ಡಿಗೆ ಫೋಟೋ ತೆಗೆಸಲು ಮಕ್ಕಳನ್ನು ಕರೆದುಕೊಂಡು ಬರುವುದು ಶುರುವಾಯಿತು. ಕೈಕಾಲು ಊನ ಇದ್ದವರದು ತ್ರಾಸಿಲ್ಲ, ನಕ್ಕು ಕೂರುತ್ತಿದ್ದರು. ಆದರೆ ಕೆಲವು ಮಕ್ಕಳು ನೋಡಲಿಕ್ಕೆ ಗಟ್ಟಿಮುಟ್ಟಾಗಿದ್ದರೂ ಕ್ಯಾಮರಾದ ಕಡೆ ಕಣ್ಣು ತಿರುಗಿಸುತ್ತಿರಲಿಲ್ಲ. ಆಟಿಸಂ ಅನ್ನುವ ಶಬ್ದ ಆಗ ನಾನು ಕೇಳಿರಲಿಲ್ಲ. ನಮ್ಮ ಕಸುಬಿನವರದು ಒಂದು ಚಟ ಇದೆ: ಗಿರಾಕಿಯ ಗದ್ದ ಹಿಡಿದು ಮಾರಿ ನೆಟ್ಟಗೆ ಮಾಡುವುದು. ಹುಕ್ಕೇರಿ ಕಡೆಯ ಒಬ್ಬ ಹುಡುಗನಿಗೆ ನಾನು ಅದನ್ನೇ ಮಾಡಿದೆ. ಚಿಟಿಕೆ ಹೊಡೆದೆ, ಸಿಳ್ಳು ಹಾಕಿದೆ, ಕಡೆಗೆ ಗದ್ದ ಹಿಡಿದೆ. ಅವನು ಕಿಟಾರನೆ ಚೀರಿ ಕುರ್ಚಿಯಿಂದ ಕೆಳಗೆ ಬಿದ್ದ. ಅವರವ್ವ ಅವನನ್ನು ಎಬ್ಬಿಸುತ್ತ, "ಕಾಕಾ, ಅವನ ಮಾರಿ ಮುಟ್ಟಬ್ಯಾಡ್ರಿ. ಅವಗ ನಿಮ್ಮ ಕಣ್ಣು ಅಂದ್ರ ಸೂರ್ಯಾನ್ನ ನೋಡಿದಂಗ ಆಗತೈತಿ" ಅಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಅಂದಿನಿಂದ ಅಂಥ ಕೂಸು ಬಂದರೆ ಫ್ಲ್ಯಾಶ್ ಆರಿಸುತ್ತಿದ್ದೆ. ಫ್ಯಾನೂ ಆರಿಸುತ್ತಿದ್ದೆ, ಅದರ ಸಪ್ಪಳ ಕೆಲವರಿಗೆ ತಾಳುವುದಿಲ್ಲ. ಕೂಸು ನೆಲದ ಮೇಲೆ ಕೂತರೆ ನಾನೂ ನೆಲಕ್ಕೇ ಕೂರುತ್ತಿದ್ದೆ. ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅದು ತಾನಾಗಿ ತಲೆ ಎತ್ತಿದಾಗ ಒಂದು ಫೋಟೋ. ಒಮ್ಮೊಮ್ಮೆ ಅರ್ಧ ದಿನ ಹೋಗುತ್ತಿತ್ತು. ಹೋಗಲಿ.

ಎಲ್ಲ ಮಕ್ಕಳೂ ಒಂದೇ ಥರ ಅಂತ ಮಾತ್ರ ತಿಳಿಯಬೇಡಿ. ಇದೇ ಮೂಡಲಗಿಯ ಅಂಥವನೇ ಒಬ್ಬ ಹುಡುಗ ನನ್ನ ಅಂಗಡಿಯ ಗೋಡೆಯ ಮೇಲಿದ್ದ ಮದುವೆ ಫೋಟೋಗಳನ್ನು ಒಮ್ಮೆ ನೋಡಿಕೊಂಡು ಹೋಗಿದ್ದ. ಎಷ್ಟೋ ತಿಂಗಳ ಮೇಲೆ ಝೆರಾಕ್ಸಿಗೆ ಬಂದ ಒಬ್ಬ ಗಿರಾಕಿಯನ್ನು ತೋರಿಸಿ, ಗೋಡೆಯ ಮೇಲಿನ ಗುಂಪಿನ ಹಿಂದಿನ ಸಾಲಿಗೆ ಬೆರಳು ಇಟ್ಟ. ಖರೇನೇ ಅದು ಆ ಗಿರಾಕಿಯೇ, ಮೀಸೆ ಇಲ್ಲದ ಕಾಲದ್ದು. ತೆಗೆದ ನನಗೇ ಗುರುತು ಸಿಕ್ಕಿರಲಿಲ್ಲ. ಒಬ್ಬರಿಗೆ ಮಾರಿ ಅಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ, ಮತ್ತೊಬ್ಬರಿಗೆ ನೀರಿನ ಮೇಲೆ ಬರೆದ ಹಾಗೆ.

ನನ್ನ ಮೊಮ್ಮಗಳು ಶ್ರಾವಣಿಯದು ನೀರಿನ ಮೇಲಿನದು.

ಶ್ರಾವಣಿ ನನ್ನ ಮಗಳು ಸುಜಾತಾಳ ಮಗಳು. ಸುಜಾತಾಳನ್ನು ಕೊಟ್ಟದ್ದು ಹುಕ್ಕೇರಿಗೆ. ಕೂಸಿಗೆ ಮೂರು ತುಂಬುವ ಹೊತ್ತಿಗೆ ಆಟಿಸಂ ಅಂತ ಗೊತ್ತಾಯಿತು. ಮಾತು ಕಡಿಮೆ, ಆದರೆ ಹಾಡು ಕೇಳಿದರೆ ಬಾಯಿಪಾಠ. ಮೋರೆ ಎತ್ತಿ ಯಾರನ್ನೂ ನೋಡುವುದಿಲ್ಲ. ಅವ್ವನನ್ನು ಗೊತ್ತು ಹಿಡಿಯುತ್ತಾಳೆ ಅಂತಲೇ ನಾವೆಲ್ಲ ನಂಬಿದ್ದೆವು. ತನ್ನ ಅವ್ವನನ್ನು ಯಾವ ಕೂಸು ಗೊತ್ತು ಹಿಡಿಯುವುದಿಲ್ಲ ಹೇಳ್ರಿ?

ಐದು ವರ್ಷದವಳಿದ್ದಾಗ ಘಟಪ್ರಭಾ ಸ್ಟೇಶನ್ನಿನಲ್ಲಿ ಆ ನಂಬಿಕೆ ಮುರಿಯಿತು. ಅಂದು ಸುಜಾತಾ ಗಿಳಿಹಸಿರು ಸೀರೆ ಉಟ್ಟಿದ್ದಳು. ಚೀಲದಿಂದ ಬಿಸ್ಕೀಟು ತೆಗೆಯಲಿಕ್ಕೆ ಕೂಸಿನ ಕೈ ಬಿಟ್ಟಳು, ಅಷ್ಟೇ. ಗಾಡಿ ಬಂದು ನಿಂತಿತ್ತು. ಅದೇ ಬಣ್ಣದ ಸೀರೆಯ ಮತ್ತೊಬ್ಬ ಹೆಣ್ಣುಮಗಳು ಡಬ್ಬಿ ಹತ್ತುತ್ತಿದ್ದಳು. ಶ್ರಾವಣಿ ಹೋಗಿ ಅವಳ ಸೆರಗು ಹಿಡಿದು ತಾನೂ ಪಾವಟಿಗೆಯ ಮೇಲೆ ಕಾಲಿಟ್ಟಿದ್ದಳು. ಆ ಹೆಣ್ಣುಮಗಳು ಪುಣ್ಯವಂತೆ. "ಯಾರ ಕೂಸ್ರೀ ಇದು, ಯಾರ ಕೂಸು" ಅಂತ ಕೂಗುತ್ತ ಕೆಳಗೆ ಇಳಿದಳು. ಸುಜಾತಾ ಓಡಿ ಹೋಗಿ ಎತ್ತಿಕೊಂಡರೆ ಶ್ರಾವಣಿ ಅಳಲಿಲ್ಲ, ಹೆದರಲಿಲ್ಲ. ಒಂದು ಹಸಿರಿನಿಂದ ಮತ್ತೊಂದು ಹಸಿರಿಗೆ ಬಂದಳು.

ಅಂದಿನಿಂದ ಸುಜಾತಾ ಗಿಳಿಹಸಿರು ಬಿಟ್ಟು ಬೇರೆ ಬಣ್ಣ ಉಡಲಿಲ್ಲ. ಹಬ್ಬಕ್ಕೂ ಅದೇ, ಆಸ್ಪತ್ರೆಗೂ ಅದೇ. ನೆರೆಯವರು "ಏನವಾ ಸುಜಾತಾ, ಹರಕಿ ಹೊತ್ತೀಯೇನ?" ಅಂತ ಕೇಳುವರು. "ಹೂಂರಿ, ಹರಕೀನ" ಅನ್ನುವಳು. ನನ್ನ ಹತ್ತಿರ ಒಂದು ಸಲ ಮಾತ್ರ ಬಾಯಿ ಬಿಟ್ಟಳು: "ಅಪ್ಪಾ, ನಾ ಅಕಿಗಿ ಅವ್ವ ಅಲ್ಲ. ಒಂದು ಸೀರಿ ಅದೇನಿ. ನಾಳೆ ಯಾರರ ಈ ಬಣ್ಣ ಉಟ್ಕೊಂಡು ಬಂದು ಕೈ ಹಿಡಿದ್ರ ಹೊಂಟ ಬಿಡತಾಳ."

ಗೋಕಾಕದಲ್ಲಿ ಇಂಥ ಮಕ್ಕಳಿಗೆ ಕಲಿಸುವ ಒಬ್ಬ ಅಕ್ಕೋರು ಇದ್ದಾರೆ. ವಾರಕ್ಕೆ ಎರಡು ದಿನ ಶ್ರಾವಣಿಯನ್ನು ಹುಕ್ಕೇರಿಯಿಂದ ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಅಕ್ಕೋರು ನನಗೆ ತಿಳಿಸಿ ಹೇಳಿದರು: "ಕಾಕಾ, ನೀವು ಒಂದ ಸಲ ನೋಡಿದ್ರ ಇಡೀ ಮಾರಿ ಕಾಣತೈತಿ. ಕೆಲವು ಮಕ್ಕಳಿಗೆ ತುಣುಕು ತುಣುಕು ಕಾಣತೈತಿ. ಒಂದು ಕಿವಿ, ತಲ್ಯಾಗಿನ ಒಂದು ಹೂ, ಒಂದು ಬಣ್ಣ. ಅವನ್ನ ಕೂಡಿಸಿ ಇದು ನಮ್ಮವ್ವ ಅನ್ನೂದು ತಡಾ ಆಗತೈತಿ. ಪ್ರೀತಿ ಇಲ್ಲಂತ ಅಲ್ರಿ." ಆಮೇಲೆ, "ನೀವು ಫೋಟೋದವರು ಅದೀರಲ್ಲ, ಮನೆಯವರೆಲ್ಲರ ಮಾರಿಯ ಕಾರ್ಡು ಮಾಡಿ ತರ್ರಿ. ಆಟ ಆಡಿಸಿಕೋತ ಕಲಿಸೋಣು" ಅಂದರು.

ನೋಡ್ರಿ, ಅಂಗಡಿ ಬಿಟ್ಟವನಿಗೆ ಮತ್ತೆ ಕೆಲಸ ಸಿಕ್ಕಿತು, ಅದೂ ಮೊಮ್ಮಗಳ ಕೆಲಸ! ನಾನು ಜೀವನದಲ್ಲಿ ಅಷ್ಟು ಮನಸ್ಸಿಟ್ಟು ಫೋಟೋ ಮಾಡಿರಲಿಲ್ಲ. ತಮ್ಮನ ಮಗನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಬಾಜೂಕ್ಕೆ ನಿಂತು ಇದು ತಗಿ, ಅದು ತಗಿ ಅಂತ ಹೇಳಿ ಸುಜಾತಾಳ ಮಾರಿ ಬೆಳದಿಂಗಳ ಹಾಗೆ ಮಾಡಿಸಿದೆ. ದಪ್ಪ ಕಾಗದಕ್ಕೆ ಪ್ರಿಂಟು, ಮೇಲೆ ಪ್ಲಾಸ್ಟಿಕ್ಕು. ಅಳಿಯನದು ಇದ್ದಂತೆಯೇ ಬಿಟ್ಟೆ. ಗಂಡಸರ ಮಾರಿಗೆ ಯಾರು ಅಷ್ಟು ಕೈ ಹಚ್ಚುತ್ತಾರೆ?

ಅಕ್ಕೋರು ಆ ಕಾರ್ಡುಗಳ ಜೋಡಿ ಕ್ಯಾಲೆಂಡರಿನಿಂದ ಕತ್ತರಿಸಿದ ಗುರುತಿಲ್ಲದವರ ಚಿತ್ರಗಳನ್ನೂ ಕಲಸಿ ಶ್ರಾವಣಿಯ ಮುಂದಿಟ್ಟರು. ನಮ್ಮವರು ಈ ಬುಟ್ಟಿಗೆ, ಬೇರೆಯವರು ಆ ಬುಟ್ಟಿಗೆ. ಅಪ್ಪನ ಕಾರ್ಡನ್ನು ಸ್ವಲ್ಪ ಹೊತ್ತು ತಿರುಗಿಸಿ ನಮ್ಮವರ ಬುಟ್ಟಿಗೆ ಹಾಕಿದಳು. ನಾನು ಚಪ್ಪಾಳೆ ಹೊಡೆಯಲಿಕ್ಕೆ ಹೋದೆ, ಅಕ್ಕೋರು ಕಣ್ಣಿನಲ್ಲೇ ಬೇಡ ಅಂದರು. ಅವ್ವನ ಕಾರ್ಡು ಬಂತು. ನೋಡಿದಳು. ಕ್ಯಾಲೆಂಡರಿನ ಹೆಂಗಸರ ಬುಟ್ಟಿಗೆ ಹಾಕಿದಳು. ಮತ್ತೆ ಕೊಟ್ಟರೂ ಅಲ್ಲೇ ಹಾಕಿದಳು. ಒಂದು ವಾರ ಬಿಟ್ಟು ಕೊಟ್ಟರೂ ಅಲ್ಲೇ.

ಆ ದಿನ ಸುಜಾತಾನೂ ಬಂದಿದ್ದಳು. ಅಕ್ಕೋರು ಕಾರ್ಡು ತೆಗೆದು ಅವಳ ಮಾರಿಯ ಪಕ್ಕ ಹಿಡಿದು ನೋಡಿದರು. "ಕಾಕಾ, ಈ ಹುಬ್ಬು ಯಾರದ್ರಿ?" ಅಂತ ಕೇಳಿದರು.

ಸುಜಾತಾ ನಕ್ಕು ಹೇಳಿದಳು: "ಅದು ನಮ್ಮ ಅಪ್ಪನ ಮನಸಿನ್ಯಾಗಿನ ಮಗಳ ಫೋಟೋರಿ ಅಕ್ಕೋರ. ನಂದಲ್ಲ."

ಸುಜಾತಾಳ ಎಡ ಹುಬ್ಬು ನಡುವೆ ಸೀಳಿದೆ. ಸಣ್ಣವಳಿದ್ದಾಗ ಸ್ಟುಡಿಯೋದಲ್ಲಿ ಆಡುತ್ತಿದ್ದಳು. ನಾನು ಸರಿಯಾಗಿ ಬಿಗಿಯದೆ ಬಿಟ್ಟ ಲೈಟಿನ ಸ್ಟ್ಯಾಂಡು ಅವಳ ಮೇಲೆ ಬಿತ್ತು. ಹೊಲಿಗೆ ಹಾಕಿಸಿದೆವು, ಗುರುತು ಉಳಿಯಿತು. ಆಮೇಲೆ ನಾನು ತೆಗೆದ ಅವಳ ಒಂದೊಂದು ಫೋಟೋದಲ್ಲೂ ಆ ಗುರುತನ್ನು ತಿದ್ದುತ್ತ ಬಂದೆ. ಶಾಲೆಯ ಫೋಟೋದಲ್ಲಿ ತಿದ್ದಿದೆ. ವರನ ಕಡೆಯವರಿಗೆ ಕಳಿಸಿದ ಫೋಟೋದಲ್ಲಿ ತಿದ್ದಿದೆ. ನೋಡಲಿಕ್ಕೆ ಬಂದ ಬೀಗತಿ ಅವಳ ಹುಬ್ಬು ನೋಡಿ, ಫೋಟೋ ನೋಡಿ, ಏನೂ ಅನ್ನದೆ ಚಹಾ ಕುಡಿದರು. ಅದು ಅವರ ದೊಡ್ಡತನ. ಮಗಳ ಚೆಲುವಿಗೆ ಅಂತ ನಾನು ಹೇಳಿಕೊಳ್ಳುತ್ತಿದ್ದೆ. ಖರೆ ಅಂದರೆ ನನ್ನ ತಪ್ಪನ್ನೇ ನಾನು ಪೆನ್ಸಿಲ್ಲಿನಿಂದ ಮುಚ್ಚುತ್ತಿದ್ದೆ.

ಬಸ್ಸಿನಲ್ಲಿ ಬರುವಾಗ ಹೇಳಿದೆ, "ಯವ್ವಾ, ನಿನ್ನ ಫೋಟೋ ಇನ್ನೊಮ್ಮೆ ತಗೀತೇನಿ."

"ಇನ್ನೊಮ್ಮೆ ಅಲ್ಲಪಾ, ಮೊದಲನೇ ಸಲ" ಅಂದಳು.

ಮಾರನೆಯ ದಿನ ಅವಳನ್ನು ಮೂಡಲಗಿಗೆ ಕರೆಸಿ ಸುಣ್ಣದ ಗೋಡೆಯ ಮುಂದೆ ಕೂರಿಸಿದೆ. ತಮ್ಮನ ಮಗನ ಹೊಸ ಫೋನಿನಿಂದ ತೆಗೆದರೆ ಮಾರಿ ಬೆಣ್ಣೆ ಸವರಿದ ಹಾಗೆ ಬಂತು. ನಾನು ಏನೂ ಮಾಡಿರಲಿಲ್ಲ, ಫೋನು ತಾನೇ ತಿದ್ದಿತ್ತು. ಹುಡುಗರೇ, ಇದನ್ನು ನೆನಪಿಡಿ. ನಮ್ಮ ಕಾಲದಲ್ಲಿ ತಿದ್ದಬೇಕಾದರೆ ಎರಡು ದಿನ ಕೂರಬೇಕಾಗಿತ್ತು, ಮಾಡಿದ್ದು ನಮಗೆ ಗೊತ್ತಿರುತ್ತಿತ್ತು. ಈಗಿನದು ನಿಮ್ಮನ್ನು ಕೇಳದೆ ತಿದ್ದುತ್ತದೆ. ಅದನ್ನು ಬಂದ್ ಮಾಡಿಸಿ, ಮತ್ತೆ ತೆಗೆದೆ. ಅಭ್ಯಾಸದಂತೆ "ಬಾಯಿ ಮುಚ್ಚು, ಸ್ವಲ್ಪ ನಗು" ಅಂದೆ. ಹುಬ್ಬು ಇದ್ದಂತೆ ಬಂತು. ಇನ್ನೇನು, ಗೆದ್ದೆವು ಅಂದುಕೊಂಡೆ.

ಶ್ರಾವಣಿ ಆ ಕಾರ್ಡನ್ನೂ ಬೇರೆಯವರ ಬುಟ್ಟಿಗೇ ಹಾಕಿದಳು.

ನನಗೆ ಅಳುವೇ ಬಂತು. ಅಕ್ಕೋರು ಮಾತ್ರ ಕೈ ಬಿಡಲಿಲ್ಲ. "ಅಕಿ ಎಲ್ಲಿ ನೋಡತಾಳ ಅದನ್ನ ನೋಡ್ರಿ. ನೀವು ನೋಡೂದನ್ನ ಅಕಿ ಯಾಕ ನೋಡಬೇಕು?" ಅಂದರು. ಹದಿನೈದು ದಿನ ನಾನು ಬೇರೆ ಏನೂ ಮಾಡಲಿಲ್ಲ. ಹುಕ್ಕೇರಿಗೆ ಹೋಗಿ ಮಗಳ ಮನೆಯಲ್ಲಿ ಉಳಿದು ಮೊಮ್ಮಗಳ ಕಣ್ಣು ಕಾಯ್ದೆ. ಕೂಸು ಜುಮಕಿ ನೋಡುತ್ತದೇನೋ ಅಂತ ಸುಜಾತಾಳ ಜುಮಕಿಯನ್ನು ಅವಳ ನಾದಿನಿ ರಾಜಶ್ರೀಯ ಕಿವಿಗೆ ಹಾಕಿಸಿದೆವು. ಕೂಸು ಸೀದಾ ರಾಜಶ್ರೀಯ ತೊಡೆಯ ಮೇಲೆ ಹೋಗಿ ಕೂತಿತು. ರಾಜಶ್ರೀ ನಗುತ್ತ, "ವೈನಿ, ಜುಮಕಿ ಮತ್ತ ಕೂಸು ಎರಡೂ ನಂದ ಆದುವು" ಅಂದಳು. ಸುಜಾತಾ ನಗಲಿಲ್ಲ. ರಾಜಶ್ರೀ ಲಗುನೆ ಜುಮಕಿ ಬಿಚ್ಚಿ ಕೊಟ್ಟಳು.

ಒಂದು ಮುಂಜಾನೆ ಸುಜಾತಾ ರೊಟ್ಟಿ ಬಡಿಯುತ್ತ ರಾಜಶ್ರೀಯ ಜೋಡಿ ಹರಟುತ್ತಿದ್ದಳು. ನನ್ನ ಮಗಳದು ಬಿಡುವಿಲ್ಲದ ಬಾಯಿ. ಶ್ರಾವಣಿ ನೆಲದ ಮೇಲೆ ಕೂತು ಹಿಟ್ಟಿನ ಮೇಲೆ ಬೆರಳಾಡಿಸುತ್ತ ಆಗಾಗ ಒಂದು ಕ್ಷಣ ಮೋರೆ ಎತ್ತುತ್ತಿದ್ದಳು. ಕಣ್ಣಿಗೆ ಅಲ್ಲ, ಹುಬ್ಬಿಗೆ ಅಲ್ಲ. ಬಾಯಿಗೆ. ಸುಜಾತಾಳ ಮುಂದಿನ ಹಲ್ಲು ಒಂದು ಸ್ವಲ್ಪ ಓರೆ, ನಕ್ಕಾಗ ಮೇಲಿನ ಒಸಡು ಕಾಣುತ್ತದೆ. ಅವ್ವ ಅಂದರೆ ಆಕೆಗೆ ಆ ಓರೆ ಹಲ್ಲಿನ, ಸದಾ ಆಡುವ ಬಾಯಿ! ನಾನು ನಲವತ್ತು ವರ್ಷ ಊರ ಮಂದಿಗೆಲ್ಲ "ಬಾಯಿ ಮುಚ್ಚರಿ, ಬಾಯಿ ಮುಚ್ಚರಿ" ಅಂತ ಹೇಳಿಯೇ ಫೋಟೋ ತೆಗೆದವನು. ಎಂಥ ಹುಚ್ಚ ನಾನು.

ಅಲ್ಲೇ ಅಡಿಗೆ ಮನೆಯಲ್ಲೇ ತೆಗೆದೆ. ಮಾತಾಡುವಾಗ, ಬೈಯುವಾಗ, ಆಕಳಿಸುವಾಗ, ರೊಟ್ಟಿ ಮುರಿದು ಬಾಯಿಗೆ ಹಾಕುವಾಗ ತೆಗೆದೆ. ತಲೆ ತೊಯ್ದಾಗ, ಸೆರಗು ಹೊದ್ದಾಗ, ಹಸಿರು ಉಟ್ಟಾಗ, ಫೋಟೋದ ಹೊತ್ತಿಗೆ ಮಾತ್ರ ರಾಜಶ್ರೀಯ ಕೆಂಪು ಸೀರೆ ಉಡಿಸಿ, ಜುಮಕಿ ಹಾಕಿ, ಜುಮಕಿ ಬಿಚ್ಚಿ ತೆಗೆದೆ. ಬೀಗತಿ ಬಾಗಿಲಲ್ಲಿ ನಿಂತು, "ಬೀಗರ, ಮದುವ್ಯಾಗರ ಇಷ್ಟು ಫೋಟೋ ತಗದಿರಲಿಲ್ಲಲ್ರಿ" ಅಂದರು. ಆ ಕಾರ್ಡುಗಳಲ್ಲಿ ಮೊದಲು ನಮ್ಮವರ ಬುಟ್ಟಿಗೆ ಬಿದ್ದದ್ದು ಸುಜಾತಾ ನನ್ನನ್ನು ಬೈಯುತ್ತಿದ್ದ ಫೋಟೋ. ಆಮೇಲೆ ನಿಧಾನಕ್ಕೆ ಒಂದೊಂದೇ. ಕೆಲವು ದಿನ ಎಲ್ಲ ಸರಿ, ಕೆಲವು ದಿನ ಒಂದೂ ಇಲ್ಲ. ವರ್ಷದ ಮೇಲೆ ಆಯಿತು. ಕಾರ್ಡು ಗೊತ್ತು ಹಿಡಿಯುತ್ತಾಳೆ ಖರೆ, ಆದರೆ ಹೊರಗೆ, ಮಂದಿಯೊಳಗೆ? ಅದು ಯಾರಿಗೂ ಗೊತ್ತಿರಲಿಲ್ಲ. ಸುಜಾತಾ ಹಸಿರು ಬಿಡಲಿಲ್ಲ.

ಹೋದ ವಾರ ಹುಕ್ಕೇರಿಯಲ್ಲಿ ರಾಜಶ್ರೀಯ ಮದುವೆ. ಈಗೊಂದು ರೂಢಿ ಬಂದಿದೆಯಲ್ಲ, ಮನೆಯ ಹೆಂಗಸರೆಲ್ಲ ಒಂದೇ ಸೀರೆ ಉಡುವುದು. ಎಲ್ಲರಿಗೂ ಒಂದೇ ಗುಲಾಬಿ ಸೀರೆ, ಒಂದೇ ಜಂಪರು, ತಲೆಗೆ ಒಂದೇ ಥರದ ಮಲ್ಲಿಗೆ. ಸುಜಾತಾಳ ಪಾಲಿನದನ್ನು ಬೀಗತಿ ಅವಳ ಕೈಗೆ ಕೊಟ್ಟರು. ಅವಳು ಮಡಚಿ ಇಟ್ಟುಬಿಟ್ಟಳು.

"ಉಟ್ಕೊ ಯವ್ವಾ, ಅಂಜಬ್ಯಾಡ" ಅಂದರು ಬೀಗತಿ. "ತಪ್ಪಿದ್ರ ನಮ್ಮ ಮನಿ ಹೆಂಗಸರ ಸೆರಗ ಹಿಡೀತೈತಿ ಕೂಸು. ಎಲ್ಲಿ ಹೋಗತೈತಿ?"

"ಅದ ಅಂಜಿಕಿ ಅತ್ತಿ" ಅಂದಳು ಸುಜಾತಾ. "ನಾ ಎದುರಿಗಿದ್ದೂ ಬ್ಯಾರೆದವರ ಸೆರಗ ಹಿಡಿದ್ರ?"

ಸ್ವಲ್ಪ ಹೊತ್ತಿನ ಮೇಲೆ ಸುಜಾತಾಳೇ ಆ ಸೀರೆ ತೆಗೆದುಕೊಂಡು ಒಳಗೆ ಹೋದಳು. ಯಾಕೆ ಮನಸ್ಸು ಮಾಡಿದಳೋ, ನಾನು ಕೇಳಲಿಲ್ಲ.

ಬ್ಯಾಂಡಿನ ಸಪ್ಪಳಕ್ಕೆ ಅಂಜಿ ಶ್ರಾವಣಿ ನನ್ನ ಜೋಡಿ ಹಿಂದಿನ ಅಂಗಳದಲ್ಲಿದ್ದಳು. ಬ್ಯಾಂಡು ನಿಂತ ಮೇಲೆ ಒಳಗೆ ಕರೆದುಕೊಂಡು ಬಂದೆ. ಜಮಖಾನೆಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು, ಎಲ್ಲ ಗುಲಾಬಿ. ಖರೆ ಹೇಳುತ್ತೇನೆ, ಒಂದು ಕ್ಷಣ ನನಗೇ ನನ್ನ ಮಗಳು ಸಿಗಲಿಲ್ಲ. ಶ್ರಾವಣಿ ನನ್ನ ಕೈ ಕೊಡವಿ ಹೋದಳು. ನಾನು ಕರೆಯಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿದೆ.

ಮೊದಲನೆಯ ಹೆಂಗಸಿನ ಸೆರಗು ಹಿಡಿದಳು. ಮೋರೆ ಎತ್ತಿದಳು, ನೋಡಿದಳು, ಬಿಟ್ಟಳು. ಎರಡನೆಯವಳು "ಬಾರ ನನ್ನ ಬಂಗಾರಾ" ಅಂತ ಎತ್ತಿಕೊಳ್ಳಲಿಕ್ಕೆ ಹೋದರೆ ನುಣುಚಿಕೊಂಡು ಮುಂದೆ ಸರಿದಳು. ಆ ಸಾಲಿನ ತುದಿಗೆ ಸುಜಾತಾ. ಅವಳು ಕರೆಯಲಿಲ್ಲ. ದನಿ ಕೇಳಿ ಬರುವುದು ಬೇಡ, ಮಾರಿ ನೋಡಿ ಬರಲಿ ಅಂತ ಹಟ ಹಿಡಿದಿದ್ದಳು ಕಾಣುತ್ತದೆ. ಆದರೆ ಅಂಜಿಕೆಗೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಗಟ್ಟಿಯಾಗಿ ಕಚ್ಚಿದ್ದಳು. ಬಾಯಿಯೇ ಕಾಣುತ್ತಿರಲಿಲ್ಲ! ನಾನು ದೂರದಿಂದ ಕೈಸನ್ನೆ ಮಾಡಿದೆ, ಅವಳು ನನ್ನ ಕಡೆ ನೋಡಲೇ ಇಲ್ಲ.

ಶ್ರಾವಣಿ ಅವಳ ಮುಂದೆ ನಿಂತಳು. ಮುಂದೆ ಹೋಗಲು ಒಂದು ಹೆಜ್ಜೆ ಇಟ್ಟಳು, ನಿಂತಳು. ತಿರುಗಿ ಬಂದಳು. ಕೈ ಚಾಚಿ ಆ ಸೆರಗನ್ನು ಹಿಡಿದು ಬಾಯಿಯಿಂದ ಜಗ್ಗಿ ತೆಗೆದಳು. ಸುಜಾತಾಳ ತುಟಿ ತೆರೆಯಿತು, ಓರೆ ಹಲ್ಲು ಕಂಡಿತು. ಶ್ರಾವಣಿ ಬೆರಳಿನಿಂದ ಆ ಹಲ್ಲು ಮುಟ್ಟಿದಳು. ತಿರುಗಿ, ಅವ್ವನ ತೊಡೆಯ ಮೇಲೆ ಬೆನ್ನು ಕೊಟ್ಟು ಕೂತಳು.

"ಅವ್ವ, ನೀರ" ಅಂದಳು.

ಸುಜಾತಾ ಕೂಸನ್ನು ಬಿಗಿಯಾಗಿ ಹಿಡಿದುಕೊಳ್ಳಲಿಲ್ಲ, ಅದು ಶ್ರಾವಣಿಗೆ ತಾಳುವುದಿಲ್ಲ. ಎರಡೂ ಕೈಯನ್ನು ಜಮಖಾನೆಗೆ ಊರಿಕೊಂಡು ಕೂತು, "ಅಪ್ಪಾ, ಬಾಟ್ಲಿ" ಅಂತ ಕೂಗಿದಳು. ಬಾಟ್ಲಿ ನನ್ನ ಹೆಗಲ ಚೀಲದಲ್ಲೇ ಇತ್ತು. ಮುಚ್ಚಳ ತೆಗೆಯುವಷ್ಟರಲ್ಲಿ ಅರ್ಧ ನೀರು ನನ್ನ ಧೋತರಕ್ಕೆ ಬಿತ್ತು. ಉಳಿದದ್ದನ್ನು ಶ್ರಾವಣಿ ಗಟಗಟ ಕುಡಿದಳು. ಖಾಲಿ ಬಾಟ್ಲಿಯನ್ನು ನನ್ನ ಕಡೆ ಚಾಚಿದಳು, ನನ್ನ ಮೋರೆ ನೋಡದೆ. ನಾನು ಯಾರು ಅಂತ ಆಕೆಗೆ ಇನ್ನೂ ಮಾರಿ ನೋಡಿ ಗೊತ್ತಾಗುವುದಿಲ್ಲ. ಆಗಲಿ ಬಿಡ್ರಿ, ಅವ್ವನ ಪಾಳಿ ಮೊದಲು. ನಾನು ಹಿಂದೆ ನಿಂತಿದ್ದೇನೆ, ನನಗೇನು ಅವಸರ ಐತಿ?